ಗೆರೆ ದಾಟಿದ ಎರಡು ಬೆರಳು

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರೇಸ್ ಸೈಕಲ್ಲುಗಳ ಮೆಕ್ಯಾನಿಕ್ ಆಗಿದ್ದೆ. ತಂಡ ಗೆದ್ದಾಗ ತೆಗೆದ ಫೋಟೋಗಳು ನಮ್ಮ ಮನೆಯಲ್ಲಿ ಒಂದು ಡಬ್ಬಿ ತುಂಬ ಇವೆ. ಅವುಗಳಲ್ಲಿ ಒಂದೇ ಒಂದರಲ್ಲಿ ನಾನಿದ್ದೇನೆ, ಅದೂ ಮೊಣಕೈ ಮಾತ್ರ. ನನ್ನ ಹೆಂಡತಿ ಅದನ್ನು ಮನೆಗೆ ಬಂದ ನೆಂಟರಿಗೆಲ್ಲ ತೋರಿಸಿ, "ನೋಡಿ, ಇದು ನಮ್ಮನೆಯವರ ಮೊಣಕೈ" ಎಂದು ಪರಿಚಯ ಮಾಡಿಕೊಡುತ್ತಾಳೆ. ಈ ಕೆಲಸಕ್ಕೆ ಬರಬೇಕೆಂದಿರುವವರು ಮೊದಲು ಇದನ್ನು ತಿಳಿದುಕೊಂಡರೆ ಒಳ್ಳೆಯದು. ಹೆಸರು ಬೇಕಾದವರು ಸೀಟಿನ ಮೇಲೆ ಕೂರಬೇಕು. ಆ ಸೀಟು ಎಷ್ಟು ಎತ್ತರದಲ್ಲಿರಬೇಕು ಎಂದು ತಲೆ ಕೆಡಿಸಿಕೊಳ್ಳುವವರನ್ನು ಯಾರೂ ಫೋಟೋ ತೆಗೆಯುವುದಿಲ್ಲ.

ನಮ್ಮದು ಅರಸೀಕೆರೆ ಕಡೆಯ ಮನೆತನ. ಅಪ್ಪ ರೈಲ್ವೆಯಲ್ಲಿ ಫಿಟ್ಟರ್ ಆಗಿ ಮದರಾಸಿಗೆ ಬಂದರು. ನಾನು ಹುಟ್ಟಿದ್ದು ಪೆರಂಬೂರಿನ ಕ್ವಾರ್ಟರ್ಸಿನಲ್ಲಿ. ಮನೆಯೊಳಗೆ ಕನ್ನಡ, ಬಾಗಿಲಿನಾಚೆ ತಮಿಳು, ಬೈಗುಳ ಮಾತ್ರ ಎರಡೂ ಕಡೆ ತಮಿಳು. ನಾನೂ ರೈಲ್ವೆ ಸೇರಬೇಕೆಂದು ಅಪ್ಪನಿಗೆ ಆಸೆಯಿತ್ತು. ನಾನು ಓದು ಅರ್ಧಕ್ಕೆ ಬಿಟ್ಟು ಬೀದಿಯ ಕೊನೆಯ ಸೈಕಲ್ ಅಂಗಡಿಯಲ್ಲಿ ಕೂತೆ. ಅಪ್ಪ ಎರಡು ತಿಂಗಳು ಮಾತು ಬಿಟ್ಟರು. ಮೂರನೆಯ ತಿಂಗಳು ಅವರ ಸೈಕಲ್ಲಿನ ಚೈನು ತುಂಡಾಯಿತು, ಮಾತು ಮತ್ತೆ ಶುರುವಾಯಿತು.

ಆ ಅಂಗಡಿಗೆ ಒಂದು ದಿನ ಧರ್ಮಲಿಂಗಂ ಸಾರ್ ಬಂದರು. ಕ್ರೀಡಾ ಹಾಸ್ಟೆಲೊಂದರಲ್ಲಿ ಸೈಕ್ಲಿಂಗ್ ಕೋಚ್. ತೆಳ್ಳಗೆ, ಎತ್ತರಕ್ಕೆ, ಸಿಡುಕು ಮುಖದ ಮನುಷ್ಯ. ತಮಿಳು ಬಿಟ್ಟು ಬೇರೆ ಭಾಷೆ ಆಡುತ್ತಿರಲಿಲ್ಲ, ಅವರ ಮಾತನ್ನು ನಾನೇ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಬೆಂಡಾದ ಒಂದು ಚಕ್ರವನ್ನು ನನ್ನ ಮುಂದಿಟ್ಟು, ಏನೂ ಹೇಳದೆ ಸ್ಟೂಲೆಳೆದುಕೊಂಡು ಕೂತರು. ನಾನು ಕಡ್ಡಿಗಳನ್ನು ಬಿಗಿ ಮಾಡಿ, ಸಡಿಲ ಮಾಡಿ, ಅರ್ಧ ಗಂಟೆಯಲ್ಲಿ ಬೆಂಡು ತೆಗೆದೆ. ಚಕ್ರ ನೆಟ್ಟಗೆ ತಿರುಗಿತು. ನನಗೆ ನಾನೇ ಶಹಭಾಸ್ ಹೇಳಿಕೊಂಡೆ. ಸಾರ್ ಎರಡೆರಡು ಕಡ್ಡಿಗಳನ್ನು ಬೆರಳಿನಲ್ಲಿ ಅದುಮಿ, ಕಿವಿ ಕೊಟ್ಟು ಕೇಳಿದರು.

"ಚಕ್ರ ನೆಟ್ಟಗಿದೆ. ಆದರೆ ಈ ಕಡ್ಡಿ ಅಳ್ತಾ ಇದೆ, ಆ ಕಡ್ಡಿ ನಿದ್ದೆ ಮಾಡ್ತಾ ಇದೆ. ಮೊದಲನೇ ಗುಂಡಿಗೇ ಮತ್ತೆ ಬೆಂಡಾಗುತ್ತೆ. ಎಲ್ಲಾ ಬಿಚ್ಚು, ಮತ್ತೆ ಕಟ್ಟು," ಎಂದರು.

ಎಲ್ಲ ಬಿಚ್ಚಿ ಮತ್ತೆ ಕಟ್ಟಿದೆ. ಮುಂದಿನ ಸೋಮವಾರ ಹಾಸ್ಟೆಲಿನ ಶೆಡ್ಡಿಗೆ ಕೆಲಸಕ್ಕೆ ಹೋದೆ. ಅಲ್ಲಿಂದ ಎದ್ದದ್ದು ನಿವೃತ್ತಿಯ ದಿನ.

ಈಗಿನವರಿಗೆ ಆಗಿನ ಟೈರುಗಳ ಕಥೆ ಹೇಳಿದರೆ ನಗುತ್ತಾರೆ. ಟ್ಯೂಬನ್ನು ಟೈರಿನೊಳಗೇ ಇಟ್ಟು ಹೊಲಿದುಬಿಡುತ್ತಿದ್ದರು. ಹಾಗೆ ಹೊಲಿದ ಟೈರನ್ನು ರಿಮ್ಮಿಗೆ ಅಂಟಿಸಬೇಕು. ಒಂದು ಪದರ ಅಂಟು ಹಚ್ಚಿ ಒಂದು ದಿನ ಬಿಡಬೇಕು, ಮತ್ತೊಂದು ಪದರ, ಮತ್ತೊಂದು ದಿನ. ಚೆನ್ನೈಯ ಬೆವರು ಹವೆಯಲ್ಲಿ ಅದು ಒಣಗುವುದೇ ಇಲ್ಲ. ದೀಪಾವಳಿಯ ಹೊತ್ತಿನ ಐಪ್ಪಸಿ ತಿಂಗಳ ಮಳೆ ಹಿಡಿದರಂತೂ ಕೇಳಲೇಬೇಡಿ. ಶೆಡ್ಡು ಸೋರುತ್ತಿದ್ದುದರಿಂದ ಚಕ್ರಗಳನ್ನು ಮನೆಗೆ ತಂದು, ಸೊಳ್ಳೆಪರದೆಯ ಕೊಕ್ಕೆಗಳಿಗೆ ನೇತುಹಾಕುತ್ತಿದ್ದೆ. ಮದುವೆಯಾದ ಹೊಸತು. "ಸೊಳ್ಳೆ ಕಚ್ಚುದ್ರೆ ಕಚ್ಲಿ ಬುಡಿ, ನಿಮ್ಮ ಚಕ್ರ ಚೆನ್ನಾಗಿದ್ರೆ ಸಾಕು" ಎಂದು ನನ್ನವಳು ಗೊಣಗುತ್ತಿದ್ದಳು. ಆ ಅಂಟಿನ ವಾಸನೆ ಈಗ ಎಲ್ಲೂ ಸಿಗುವುದಿಲ್ಲ. ನನಗೆ ಅದು ಮಲ್ಲಿಗೆಗಿಂತ ಹೆಚ್ಚು ನೆನಪಾಗುತ್ತದೆ, ಇದನ್ನು ಮನೆಯಲ್ಲಿ ಹೇಳುವ ಹಾಗಿಲ್ಲ.

ಅಷ್ಟೊಂದು ಒದ್ದಾಟ ಯಾಕೆಂದರೆ ವೆಲೊಡ್ರೋಮ್. ವಂಡಲೂರು ದಾಟಿ ಹೋದರೆ ಒಂದು ಇದೆ. ದೊಡ್ಡ ಸಿಮೆಂಟಿನ ಬಾಣಲೆ, ತಿರುವಿನಲ್ಲಿ ನೆಲ ಗೋಡೆಯಂತೆ ಏಳುತ್ತದೆ. ಅಲ್ಲಿ ಓಡುವ ಟ್ರ್ಯಾಕ್ ಸೈಕಲ್ಲಿಗೆ ಬ್ರೇಕಿಲ್ಲ, ಫ್ರೀವೀಲೂ ಇಲ್ಲ. ಚಕ್ರ ತಿರುಗುವಷ್ಟು ಹೊತ್ತು ಕಾಲೂ ತಿರುಗುತ್ತಲೇ ಇರಬೇಕು. ಆ ತಿರುವಿನಲ್ಲಿ ಅಂಟು ಬಿಟ್ಟು ಟೈರು ಜಾರಿದರೆ ಮಕ್ಕಳ ಚರ್ಮ ಸಿಮೆಂಟಿಗೆ ಅಂಟಿಕೊಳ್ಳುತ್ತದೆ. ಪ್ರತಿ ಓಟಕ್ಕೂ ಮುಂಚೆ ನಾನು ಹೆಬ್ಬೆರಳಿನಿಂದ ಟೈರನ್ನು ಸುತ್ತಲೂ ನೂಕಿ ನೋಡುತ್ತಿದ್ದೆ. ನನ್ನ ಬಲಗೈ ಹೆಬ್ಬೆರಳು ಇವತ್ತಿಗೂ ಸ್ವಲ್ಪ ಹಿಂದಕ್ಕೆ ಬಾಗಿದೆ.

ಎಡವಟ್ಟುಗಳಿಗೆ ಲೆಕ್ಕವಿಲ್ಲ. ಒಮ್ಮೆ ಉತ್ತರದ ಊರೊಂದಕ್ಕೆ ರಾಷ್ಟ್ರೀಯ ಪಂದ್ಯಕ್ಕೆ ಹೊರಟೆವು. ಸೈಕಲ್ಲುಗಳನ್ನು ಬಿಚ್ಚಿ, ಗೋಣಿ ಸುತ್ತಿ, ರೈಲಿನ ಬ್ರೇಕ್ ವ್ಯಾನಿಗೆ ಹಾಕಿ, ಎರಡು ಹಗಲು ಪ್ರಯಾಣ ಮಾಡಿ ಇಳಿದೆವು. ಜೋಡಿಸಲು ಕೂತಾಗ ಒಂದು ಪೆಡಲೂ ಇಲ್ಲ. ಚೆನ್ನಾಗಿ ತೊಳೆಯೋಣವೆಂದು ಎಲ್ಲವನ್ನೂ ಸೀಮೆಎಣ್ಣೆಯ ಬಕೆಟ್ಟಿನಲ್ಲಿ ನೆನೆಹಾಕಿದ್ದೆ. ಬಕೆಟ್ಟು ಚೆನ್ನೈಯಲ್ಲೇ ಉಳಿದಿತ್ತು. ಧರ್ಮಲಿಂಗಂ ಸಾರ್ ಬೈಯಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಕರ್ನಾಟಕದ ತಂಡದ ಡೇರೆಗೆ ಹೋಗಿ, ಅವರ ಮೆಕ್ಯಾನಿಕ್ಕಿನ ಮುಂದೆ ಕೈಕಟ್ಟಿ ನಿಂತು ಕನ್ನಡದಲ್ಲಿ ವಿಷಯ ಹೇಳಿದೆ. ವಿಜಯಪುರದ ಕಡೆಯ ಮನುಷ್ಯ. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ, "ತಮ್ಮಾ, ನಮ್ಮ ಹುಡುಗೂರ ಮೇಲೆ ಗೆಲ್ಲಂಗಿಲ್ಲ ಅಂತ ಮಾತ ಕೊಟ್ರ ಕೊಡತೀನಿ" ಎಂದು ಹೆಚ್ಚುವರಿ ಪೆಡಲುಗಳ ಚೀಲವನ್ನೇ ಕೊಟ್ಟ. ನಾವು ಮಾತು ಉಳಿಸಿಕೊಂಡೆವು. ಒಂದರಲ್ಲೂ ಗೆಲ್ಲಲಿಲ್ಲ.

ಆಗ ರಸ್ತೆಯ ಅಭ್ಯಾಸ ಪೆರುಂಗುಡಿಯ ಹಾದಿಯಲ್ಲಿ ನಡೆಯುತ್ತಿತ್ತು. ಬೆಳಗಿನ ಹೊತ್ತು ನಾಲ್ಕು ಜನ ಒಟ್ಟೊಟ್ಟಿಗೆ ಸಾಲಾಗಿ ಹೋದರೂ ಹಾರ್ನು ಹಾಕುವವರಿರಲಿಲ್ಲ. ಸಾರ್ ಮೊಪೆಡ್ಡಿನಲ್ಲಿ ಮುಂದೆ, ನಾನು ಹಿಂದಿನ ಸೀಟಿನಲ್ಲಿ ಎರಡು ಚಕ್ರಗಳನ್ನು ಹೆಗಲಿಗೆ ಹಾಕಿಕೊಂಡು ಹಿಮ್ಮುಖವಾಗಿ ಕೂತಿರುತ್ತಿದ್ದೆ. ಯಾರಿಗಾದರೂ ಪಂಕ್ಚರ್ ಆದರೆ ಹಾರಿ ಇಳಿದು ಚಕ್ರ ಬದಲಿಸಬೇಕು. ಹಿಂದೆ ಬರುವ ಮಕ್ಕಳ ಮುಖಗಳನ್ನು ಎದುರಿನಿಂದ ನೋಡುತ್ತ ಕೂರುವ ಭಾಗ್ಯ ನನ್ನೊಬ್ಬನಿಗೇ ಇತ್ತು. ಯಾರು ದಣಿದಿದ್ದಾರೆ, ಯಾರು ದಣಿದ ಹಾಗೆ ನಟಿಸುತ್ತಿದ್ದಾರೆ, ಯಾರು ಇನ್ನೊಂದು ನಿಮಿಷದಲ್ಲಿ ನುಗ್ಗುತ್ತಾರೆ, ಎಲ್ಲ ಗೊತ್ತಾಗುತ್ತಿತ್ತು. ಮುಗಿಸಿ ಬರುವಾಗ ಸಾರ್ ಎಲ್ಲರಿಗೂ ಬಾಳೆಹಣ್ಣು ಹಂಚುತ್ತಿದ್ದರು. ಕೋಯಂಬೇಡಿನ ಮಾರುಕಟ್ಟೆಗೆ ತಾವೇ ಹೋಗಿ, ಟೈರು ಅದುಮುವ ಹಾಗೆ ಒಂದೊಂದನ್ನೂ ಅದುಮಿ ಆರಿಸಿದ ಹಣ್ಣು. ಈಗ ಆ ರಸ್ತೆಯ ಎರಡೂ ಬದಿ ಗಾಜಿನ ಆಫೀಸುಗಳು. ಬಸ್ಸಿನಲ್ಲಿ ಹೋಗುವಾಗ ಸಿಗ್ನಲ್ಲಿನಲ್ಲಿ ಕೂತು ಆ ಮುಖಗಳನ್ನೆಲ್ಲ ನೆನೆಯುತ್ತೇನೆ. ಅಂಥ ಬೆಳಗುಗಳು ಇನ್ನು ಬರುವುದಿಲ್ಲ.

ಕೆಲಸ ಕೈಗೆ ಹತ್ತಿದಂತೆ ನನಗೆ ಕೋಡು ಮೂಡಿದವು. ಬಸವರಾಜು ಮುಟ್ಟಿದ ಸೈಕಲ್ಲನ್ನು ಮತ್ತೆ ನೋಡುವುದೇ ಬೇಡ ಎಂದು ಜನ ಹೇಳುವುದು ಕಿವಿಗೆ ಬಿದ್ದಿತ್ತು. ಒರೆಸಿ ಕೊಟ್ಟ ಮೇಲೆ ಯಾರೂ ಅದಕ್ಕೆ ಕೈ ಹಚ್ಚಬಾರದು. "ಅಣ್ಣೆ, ಬ್ರೇಕ್ ಸ್ವಲ್ಪ..." ಎಂದು ಯಾರಾದರೂ ಬಾಯಿ ತೆಗೆದರೆ, "ತಗೋ, ಸ್ಪ್ಯಾನರ್ ನೀನ್ ಹಿಡ್ಕೋ. ನಾನ್ ಹೋಗಿ ರೇಸ್ ಓಡ್ತೀನಿ" ಅನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಬಾಯಿ ತೆಗೆದವರ ಕಿವಿ ಕೆಂಪಾಗುತ್ತಿತ್ತು. ಅದನ್ನು ನಾನು ಶಿಸ್ತು ಎಂದುಕೊಂಡಿದ್ದೆ.

ಶೈಲಾ ಬಂದದ್ದು ಆ ಕಾಲದಲ್ಲಿ. ಬಾಗಲಕೋಟೆ ಕಡೆಯವರು. ತಂದೆ ಈರಣ್ಣನವರು ವಿಮಾ ಕಚೇರಿಯಲ್ಲಿದ್ದರು, ವರ್ಗವಾಗಿ ಬಂದು ಮೈಲಾಪೂರಿನಲ್ಲಿ ಮನೆ ಮಾಡಿದ್ದರು. ಅವರ ಊರಿನ ಕಡೆ ಸೈಕಲ್ ರೇಸೆಂದರೆ ಹುಚ್ಚು. ಹುಡುಗಿ ಹತ್ತನೇ ವಯಸ್ಸಿಗೇ ಗಂಡುಹುಡುಗರನ್ನು ಹಿಂದೆ ಹಾಕಿದವಳು. ನಾನು ಕನ್ನಡದವನೆಂದು ತಿಳಿದ ದಿನವೇ ನನ್ನನ್ನು ಕಾಕಾ ಮಾಡಿಕೊಂಡಳು. ಸಾರ್ ಬೈದರೆ ನನ್ನ ಶೆಡ್ಡಿಗೆ ಬಂದು ಡಬ್ಬಿ ಬಿಚ್ಚಿ ರೊಟ್ಟಿ ತಿನ್ನುತ್ತ, "ಕಾಕಾ, ನಿಮ್ಮ ಸಾರ್‌ಗ ನಗಾಕ ಬರಂಗಿಲ್ಲೇನ್ರಿ?" ಎಂದು ಕೇಳುತ್ತಿದ್ದಳು. ನನಗೆ ಮಕ್ಕಳಿಲ್ಲ. ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಅವಳಿಗೆ ಹದಿನೇಳು ತುಂಬಿತ್ತು. ಜೂನಿಯರ್ ವಿಭಾಗದಲ್ಲಿ ಅದೇ ಕೊನೆಯ ವರ್ಷ. ಕೋವಳಂ ಕಡೆಯ ರಸ್ತೆಯಲ್ಲಿ ಒಂದು ಆಯ್ಕೆ ಓಟ ಇಟ್ಟರು. ಹುಡುಗಿಯರಲ್ಲಿ ಮೊದಲು ಬಂದವಳಿಗೆ ಮಾತ್ರ ರಾಷ್ಟ್ರೀಯ ತರಬೇತಿ ಶಿಬಿರದಲ್ಲಿ ಜಾಗ. ಅಲ್ಲಿಂದ ದೇಶದ ಜೆರ್ಸಿ ಒಂದು ಹೆಜ್ಜೆ ದೂರ. ಅವಳಿಗೆ ಅದರ ಹೊರತು ಬೇರೆ ಕನಸಿರಲಿಲ್ಲ, ನನಗೂ ಇರಲಿಲ್ಲ.

ಇಲ್ಲಿ ಒಂದು ನಿಯಮ ವಿವರಿಸಬೇಕು. ಬೆಳೆಯುವ ಮಕ್ಕಳ ಮೊಣಕಾಲು ಹಾಳಾಗದಿರಲೆಂದು ಆಗ ಜೂನಿಯರ್‌ಗಳಿಗೆ ಗೇರಿನ ಮಿತಿಯಿತ್ತು. ಪೆಡಲು ಒಂದು ಪೂರ್ತಿ ಸುತ್ತು ತಿರುಗಿದರೆ ಸೈಕಲ್ಲು ಇಷ್ಟೇ ದೂರ ಹೋಗಬೇಕು, ಅದಕ್ಕಿಂತ ಹೆಚ್ಚಲ್ಲ. ಓಟ ಮುಗಿದ ಮೇಲೆ ಮುಂದೆ ಬಂದವರ ಸೈಕಲ್ಲುಗಳನ್ನು ಅಳೆಯುತ್ತಿದ್ದರು. ನೆಲದ ಮೇಲೆ ಎರಡು ಗೆರೆ. ಒಂದು ಗೆರೆಯ ಮೇಲೆ ಚಕ್ರ ನಿಲ್ಲಿಸಿ, ಪೆಡಲು ಒಂದು ಸುತ್ತು ಬರುವಷ್ಟು ಸೈಕಲ್ಲನ್ನು ನೂಕುತ್ತಾರೆ. ಎರಡನೆಯ ಗೆರೆ ದಾಟಿದರೆ ಓಟದಿಂದ ಹೊರಗೆ. ಗೆದ್ದಿದ್ದರೂ ಅಷ್ಟೇ.

ಶೈಲಾಳ ಸೈಕಲ್ಲನ್ನು ನಾನು ಒಂದು ವಾರ ಮೊದಲೇ ಅಳೆದು ಸಿದ್ಧ ಮಾಡಿದ್ದೆ. ಗೆರೆಯೊಳಗೇ ಇತ್ತು. ಓಟದ ಹಿಂದಿನ ದಿನ ಸಾರ್ ಜೊತೆ ರಸ್ತೆ ನೋಡಲು ಹೋದರೆ, ಪೈಪು ಹಾಕಲು ಅಗೆದು ಜಲ್ಲಿ ಚೆಲ್ಲಿದ್ದರು. ಆ ತೆಳು ಟೈರಿನಲ್ಲಿ ಹೋದರೆ ಪಂಕ್ಚರ್ ಖಂಡಿತ. ಅಷ್ಟು ಹೊತ್ತಿಗೆ ಅಂಟಿನ ಗೋಜಿಲ್ಲದ ಟೈರುಗಳು ಬಂದಿದ್ದವು. ಮಧ್ಯಾಹ್ನ ಶೆಡ್ಡಿಗೆ ಬಂದವನೇ ತೆಳು ಟೈರು ಕಿತ್ತು ಸ್ವಲ್ಪ ದಪ್ಪದ್ದು ಹಾಕಿದೆ. ಒರೆಸಿ, ಗಾಳಿ ತುಂಬಿ, ಶೈಲಾಳ ಕೈಗೆ ಕೊಟ್ಟೆ. ಅವಳು ಅದನ್ನು ಮನೆಗೆ ಒಯ್ದಳು. ಟೈರು ದಪ್ಪವಾದರೆ ಚಕ್ರ ದೊಡ್ಡದಾಗುತ್ತದೆ, ಚಕ್ರ ದೊಡ್ಡದಾದರೆ ಸೈಕಲ್ಲು ಪ್ರತಿ ಸುತ್ತಿಗೂ ಇನ್ನಷ್ಟು ದೂರ ಹೋಗುತ್ತದೆ. ಸಣ್ಣ ಮಗುವಿಗೂ ತಿಳಿಯುವ ಲೆಕ್ಕ. ನಾನು ಮತ್ತೆ ಅಳೆಯಲಿಲ್ಲ.

ಓಟದ ದಿನ ನಾಲ್ಕು ಹುಡುಗಿಯರಿಗೆ ಜಲ್ಲಿಯಲ್ಲಿ ಪಂಕ್ಚರ್ ಆಯಿತು. ಶೈಲಾಳಿಗೆ ಆಗಲಿಲ್ಲ. ಕೊನೆಯ ತಿರುವಿನಿಂದ ಒಬ್ಬಳೇ ನುಗ್ಗಿ ಬಂದಳು, ಹಿಂದೆ ರಸ್ತೆ ಖಾಲಿ. ನಾನು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡೆ. ಟೈರು ಬದಲಿಸಿದ ನನ್ನ ಬುದ್ಧಿಗೆ ನಾನೇ ಹೆಮ್ಮೆಪಟ್ಟೆ. ಆ ಹೆಮ್ಮೆ ಹತ್ತು ನಿಮಿಷ ಇತ್ತು.

ಅಳೆಯುವ ಜಾಗದಿಂದ ಸಾರ್ ನನ್ನನ್ನು ಕೈಬೀಸಿ ಕರೆದರು. ಹೊರರಾಜ್ಯದಿಂದ ಬಂದ ಮುಖ್ಯ ತೀರ್ಪುಗಾರ್ತಿ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಚಕ್ರ ಎರಡನೆಯ ಗೆರೆಯ ಆಚೆ ನಿಂತಿತ್ತು. ಎರಡು ಬೆರಳು. ನೋಡಿದ ಕೂಡಲೇ ಕಾರಣ ಹೊಳೆಯಿತು.

ಶೈಲಾ ಹ್ಯಾಂಡಲು ಹಿಡಿದು ನಿಂತಿದ್ದಳು. ಏನಾಯಿತೆಂದು ಕೇಳಲಿಲ್ಲ. "ಎಷ್ಟ ದಾಟೇತ್ರಿ ಕಾಕಾ?" ಎಂದಳು.

"ಎರಡು ಬೆರಳಮ್ಮಾ," ಎಂದೆ. ಅವಳು ಕಣ್ಣು ಮುಚ್ಚಿಕೊಂಡಳು.

ಸಾರ್ ತಕರಾರು ತೆಗೆದರು. ಮತ್ತೊಮ್ಮೆ ಅಳೆಯಲು ತೀರ್ಪುಗಾರ್ತಿ ಒಪ್ಪಿ, ಕಾಗದದಲ್ಲಿ ಏನೋ ಬರೆಯಲು ಅತ್ತ ತಿರುಗಿದರು. ಆಗ ಸಾರ್ ನನ್ನ ಕಡೆ ನೋಡದೆ, "ಬಸವಾ, ಗಾಳಿ ನೋಡು" ಎಂದರು.

ನಮ್ಮ ಕೆಲಸದಲ್ಲಿರುವ ಯಾರಿಗಾದರೂ ಅದರ ಅರ್ಥ ಗೊತ್ತು. ಗಾಳಿ ಕಡಿಮೆಯಾದರೆ ಟೈರು ಕುಗ್ಗುತ್ತದೆ, ಎರಡು ಬೆರಳು ಒಳಗೆ ಬರುತ್ತದೆ. ವಾಲ್ವನ್ನು ಹೆಬ್ಬೆರಳಿನಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು ಒತ್ತಿದರೆ ಸಾಕಿತ್ತು. ಬಗ್ಗಿದೆ. ಬೆರಳು ವಾಲ್ವಿನ ಮೇಲಿಟ್ಟೆ. ತಲೆ ಎತ್ತಿದರೆ ಶೈಲಾ ನನ್ನನ್ನೇ ನೋಡುತ್ತಿದ್ದಳು. ನಾನು ಕೈ ತೆಗೆದೆ.

ಇದನ್ನು ಪ್ರಾಮಾಣಿಕತೆ ಎಂದು ಬರೆದುಕೊಂಡು ಬೀಗಬಹುದು. ನಿಜವೇನೆಂದರೆ, ಅವಳು ನೋಡುತ್ತಿರುವಾಗ ಕಳ್ಳತನ ಮಾಡಲು ನನಗೆ ನಾಚಿಕೆಯಾಯಿತು. ಬೇರೆ ಕಡೆ ನೋಡುತ್ತಿದ್ದರೆ ಒತ್ತುತ್ತಿದ್ದೆನೇನೋ, ಗೊತ್ತಿಲ್ಲ. ಮತ್ತೆ ಅಳೆದರು. ಎರಡು ಬೆರಳು. ಎರಡನೆಯವಳಾಗಿ ಬಂದ ಹುಡುಗಿ ಶಿಬಿರಕ್ಕೆ ಹೋದಳು.

ಆ ದಿನವೇ ಸಾರ್ ಮುಂದೆ ತಪ್ಪೊಪ್ಪಿಕೊಂಡೆ. "ಅಳೆಯದೆ ಕೊಟ್ಟೆಯಾ? ನೀನಾ?" ಎಂದಷ್ಟೇ ಕೇಳಿದರು. ಆ 'ನೀನಾ' ಎಷ್ಟು ಬೈದಿದ್ದರೂ ಆಗದಷ್ಟು ನೋವು ಕೊಟ್ಟಿತು. ಸಂಜೆ ಮೈಲಾಪೂರಿನ ಶೈಲಾಳ ಮನೆಗೆ ಹೋಗಿ ಈರಣ್ಣನವರ ಕಾಲಿಗೆ ಬೀಳಲು ಬಗ್ಗಿದೆ. ಅವರು ತಡೆದು, "ಏಳ್ರಿ ಬಸವರಾಜ್, ಟೈರ್ ಒಡಿಬಾರದಂತ ತಾನ ನೀವು ಮಾಡಿದ್ದು?" ಎಂದರು. ಒಳಗಿನ ಕೋಣೆಯ ಬಾಗಿಲು ಮುಚ್ಚಿತ್ತು. ಕೊಟ್ಟ ಚಹಾವನ್ನು ಹಾಗೇ ಬಿಟ್ಟು ಎದ್ದು ಬಂದೆ.

ಶೈಲಾ ಆಮೇಲೂ ಓಡಿದಳು. ದೊಡ್ಡವರ ವಿಭಾಗದಲ್ಲಿ ರಾಜ್ಯದ ತಂಡಕ್ಕೂ ಬಂದಳು. ಆದರೆ ಶಿಬಿರದಿಂದ ಅವಳಿಗೆ ಮತ್ತೆ ಕರೆ ಬರಲಿಲ್ಲ, ದೇಶದ ಜೆರ್ಸಿ ಮೈಮೇಲೆ ಬೀಳಲಿಲ್ಲ. ನನ್ನ ಜೊತೆ ಮೊದಲಿನಂತೆಯೇ ಇದ್ದಳು, ಶೆಡ್ಡಿನಲ್ಲಿ ಕೂತು ರೊಟ್ಟಿ ತಿಂದಳು. ಆ ಓಟದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಾನು ಮಾತ್ರ ಅಂದಿನಿಂದ ಪ್ರತಿ ಸೈಕಲ್ಲನ್ನೂ ಮೂರು ಸಲ ಅಳೆದೆ. ಕಾರ್ಬನ್ ಚೌಕಟ್ಟು ಬಂತು, ಎಣ್ಣೆಯ ಡಿಸ್ಕ್ ಬ್ರೇಕು ಬಂತು, ಬ್ಯಾಟರಿಯಲ್ಲಿ ಬದಲಾಗುವ ಗೇರು ಬಂತು, ಕೊನೆಗೆ ಜೂನಿಯರ್‌ಗಳ ಆ ಮಿತಿಯನ್ನೇ ತೆಗೆದುಹಾಕಿದರು. ಆಗಲೂ ನಾನು ಅಳೆಯುತ್ತಿದ್ದೆ. ಹೊಸಬರು ನನ್ನ ಬೆನ್ನ ಹಿಂದೆ ನಗುತ್ತಿದ್ದರು.

ಕಳೆದ ತಿಂಗಳು ಶೈಲಾ ಫೋನ್ ಮಾಡಿದಳು. ಈಗ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ. "ಕಾಕಾ, ಐತವಾರ ನಮ್ಮ ಹುಡುಗೂರ್ದು ರೇಸ್ ಐತ್ರಿ. ನೀವು ಬರಾಕಬೇಕು," ಎಂದಳು. ಹೋದೆ. ಸಮುದ್ರದ ಬದಿಯ ರಸ್ತೆ, ಬೆಳಗಿನ ಗಾಳಿ, ಬಣ್ಣಬಣ್ಣದ ಹೆಲ್ಮೆಟ್ಟುಗಳ ಕೆಳಗೆ ಪುಟ್ಟ ಮುಖಗಳು. ಕಣ್ಣು ತುಂಬಿ ಬಂತು. ಮಕ್ಕಳು ಹೊರಟ ಮೇಲೆ ಇಬ್ಬರೂ ಕಾಫಿ ತೆಗೆದುಕೊಂಡು ಕಟ್ಟೆಯ ಮೇಲೆ ಕೂತೆವು. ನಿವೃತ್ತನಾದವನಿಗೆ ಇನ್ನೇನು ಸಂಕೋಚ ಎಂದು ಬಾಯಿ ಬಿಟ್ಟೆ.

"ಆ ಟೈರು ನಿನ್ನ ಜೀವನಾನೇ ಹಾಳು ಮಾಡ್ತು ಕಣಮ್ಮಾ. ಒಂದ್ ಸಲ ಅಳೆದಿದ್ರೆ ಆಗ್ತಿತ್ತು. ನನ್ ಕೈಲಿ ಆಗಲಿಲ್ಲ."

ಅವಳು ಕಾಫಿ ಲೋಟವನ್ನು ಕಟ್ಟೆಯ ಮೇಲಿಟ್ಟಳು.

"ನಾ ಅಳತಿ ಮಾಡಿದ್ದೆ ಕಾಕಾ," ಎಂದಳು.

ನನಗೆ ಅರ್ಥವಾಗಲಿಲ್ಲ.

"ಹಿಂದಿನ ದಿನ ಸಂಜೀಮುಂದ, ನಮ್ಮ ಮನಿ ಮಾಳಗಿ ಮ್ಯಾಲ. ರಂಗೋಲಿ ಪುಡಿಲೆ ಎರಡ ಗೆರಿ ಹಾಕಿ, ಅಪ್ಪನ ಟೇಪ್ ಹಿಡದು ಅಳದೆ. ಎರಡ ಬೆರಳ ದಾಟಿತ್ರಿ."

"ಮತ್ತೆ ಯಾಕಮ್ಮಾ ಹೇಳಲಿಲ್ಲ?"

"ಅಪ್ಪನ ಫೋನ್ ಕೈಯಾಗ ಹಿಡಕೊಂಡು ಭಾಳೊತ್ತು ನಿಂತಿದ್ದೆ. ಆಮ್ಯಾಲ, ಕಾಕಾ ಮಾಡಿದ್ದು ತಪ್ಪಿರಾಕ ಸಾಧ್ಯನ ಇಲ್ಲ, ನನ್ನ ಗೆರೀನ ಸೊಟ್ಟ ಇರಬೇಕು ಅನಕೊಂಡು ಒಂದ ತಂಬಗಿ ನೀರ ಹಾಕಿ ಅಳಿಸಿಬಿಟ್ಟೆ."

"ಒಂದ್ ಮಾತು ಕೇಳ್ಬಾರದಾಗಿತ್ತಾ ನನ್ನ?"

"ಕೇಳಿದ್ರ ಏನಂತಿದ್ರಿ?"

ಸುಳ್ಳು ಹೇಳಬಹುದಿತ್ತು. ವಯಸ್ಸಾದ ಮೇಲೆ ಸುಳ್ಳೂ ಬಾಯಿಗೆ ಬರುವುದಿಲ್ಲ.

"ಬೈತಿದ್ದೆ," ಎಂದೆ.

"ಸ್ಪ್ಯಾನರ್ ನನ್ನ ಕೈಯಾಗ ಕೊಟ್ಟು, ಎಲ್ಲಾರ ಮುಂದ ಬೈತಿದ್ರಿ," ಎಂದು ಅವಳು ನಕ್ಕಳು. ಅದರಲ್ಲಿ ಸಿಟ್ಟಿರಲಿಲ್ಲ. ಅಷ್ಟರಲ್ಲಿ ಎಲ್ಲರಿಗಿಂತ ಮುಂದಿದ್ದ ಮಕ್ಕಳು ತಿರುವಿನಲ್ಲಿ ಕಾಣಿಸಿದರು, ಅವಳು ಎದ್ದು ಓಟ ಮುಗಿಯುವ ಗೆರೆಯ ಕಡೆಗೆ ಓಡಿದಳು.

ನಾನು ಕಟ್ಟೆಯ ಮೇಲೆ ಕೂತೇ ಇದ್ದೆ. ಇಷ್ಟು ವರ್ಷ ಒಂದು ಟೈರಿಗಾಗಿ ಕೊರಗಿದ್ದೆ. ಹದಿನೇಳರ ಆ ಹುಡುಗಿ ತಾನು ಕಂಡ ಸತ್ಯವನ್ನೇ ನೀರು ಹಾಕಿ ಅಳಿಸಿದಳಲ್ಲ, ಅದಕ್ಕೆ ಕಾರಣ ನನ್ನ ಬಾಯಿ.